ಲಾಲ್‌ಬಾಗಿಗೆ ಹೀರೋ ಆಗಲು ಹೋದೆ!

ಲಾಲ್‌ಬಾಗ್ ಎಂದರೆ ನಿಮಗೇನು ನೆನಪಾಗುತ್ತದೆ ಗೆಳೆಯರೇ? ಹೂವೇ? ಗಾಜಿನ ಮನೆಯೇ? ಮರ ಸುತ್ತಿ ಹಾಡುವ ನಾಯಕ-ನಾಯಕಿಯೇ? ನನಗೆ ಮಾತ್ರ ನೆನಪಾಗುವುದು ನೂರು ರೂಪಾಯಿ! ನಮ್ಮಪ್ಪ ಹತ್ತಿ ಮಾರಿ ತಂದು ಟ್ರಂಕಿನಲ್ಲಿಟ್ಟ ದುಡ್ಡಿನಲ್ಲಿ ಹೇಳದೆ ಕೇಳದೆ ಎತ್ತಿಕೊಂಡ ನೂರಾ ಐವತ್ತರಲ್ಲಿ ನೂರು. ಅದು ಎಲ್ಲಿ ಹೋಯಿತು, ಬದಲಿಗೆ ನನಗೇನು ಸಿಕ್ಕಿತು ಅನ್ನೋದೇ ಈ ಕಥೆ. ನಗಬೇಡಿ ಅಂತ ಕೇಳೋದಿಲ್ಲ. ನಗಿ. ಆದರೆ ಪೂರ್ತಿ ಓದಿ ನಗಿ.

ಎರಿ ಹೊಲದ ಹುಡುಗ

ನಮ್ಮೂರು ಸಂಶಿ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ರೈಲಿನಲ್ಲಿ ಹೊರಟರೆ ಕುಂದಗೋಳ ದಾಟಿದ ಮೇಲೆ ಬರುವ ಸಣ್ಣ ಸ್ಟೇಶನ್ನು. ಸುತ್ತ ಕಣ್ಣು ಹಾಯಿಸಿದಷ್ಟೂ ಕರಿ ಎರಿ ಭೂಮಿ. ಹತ್ತಿ, ಜೋಳ, ಮೆಣಸಿನಕಾಯಿ. ಬದುವಿನ ಮೇಲೊಂದು ಜಾಲಿ, ಊರ ಮುಂದೊಂದು ಬೇವು ಬಿಟ್ಟರೆ ನೆರಳು ಅಂತ ಹೇಳೋದಕ್ಕೆ ಏನೂ ಇಲ್ಲ. ನಾಯಿಗೆ ಹೊಡೆಯೋಣ ಅಂದರೂ ಹೊಲದಲ್ಲಿ ಒಂದು ಕಲ್ಲು ಸಿಗೋದಿಲ್ಲ. ಅಂಥ ನೆಲ!

ಅಂಥ ಊರಿನ ಹುಡುಗ ನಾನು ತೋಟ ಅಂತ ಕಂಡದ್ದು ಟೆಂಟ್ ಸಿನಿಮಾದ ಪರದೆಯ ಮೇಲೆ. ಕಪ್ಪು ಬಿಳುಪಿನ ಚಿತ್ರ. ನಾಯಕಿಯ ಮುಡಿಯ ಹೂವೂ ಬೂದು, ಹಿಂದಿನ ಸಾಲು ಹೂವೂ ಬೂದು. ಆದರೂ ನಮಗದು ನಂದನವನ. ಹಾಡು ಬಂದರೆ ಪಕ್ಕದವನು ಬೆರಳು ಮಾಡಿ, "ಲೇ, ಅದು ಲಾಲ್‌ಬಾಗ್ ಐತಿ ನೋಡಲೇ" ಅಂತಿದ್ದ. ಅವನೂ ನೋಡಿದವನಲ್ಲ, ನಾನೂ ನೋಡಿದವನಲ್ಲ!

1983ರ ಬೇಸಿಗೆ. ನನಗೆ ಇಪ್ಪತ್ತು ವರ್ಷ. ಹಿಂದಿನ ವರ್ಷವಷ್ಟೇ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್ ಊರೂರು ಸುತ್ತಿದ್ದರು. ಅಣ್ಣಾವ್ರು ಅಂದರೆ ನಮ್ಮ ಕಡೆ ಹುಡುಗರಿಗೆ ಮೈಮೇಲೆ ದೇವರು ಬಂದಂತೆ. ನಾನೂ ಕೂದಲು ಹಿಂದಕ್ಕೆ ಬಾಚಿ, ಕನ್ನಡಿಯ ಮುಂದೆ ಡೈಲಾಗು ಹೊಡೆದು, ನಾಲ್ಕು ಜನ ಚಪ್ಪಾಳೆ ತಟ್ಟಿದ ಮೇಲೆ ತಲೆ ತಿರುಗಿದವನು.

ಹುಬ್ಬಳ್ಳಿಯ ಒಂದು ಚಾ ಅಂಗಡಿಯಲ್ಲಿ ಒಬ್ಬ ಸಿಕ್ಕ. ಕಪ್ಪು ಕನ್ನಡಕ, ಬೆಲ್‌ಬಾಟಂ ಪ್ಯಾಂಟು, ಕೈಯಲ್ಲೊಂದು ಚರ್ಮದ ಚೀಲ. ತಾನು 'ಪ್ರೊಡಕ್ಷನ್ ಕಡೆಯವನು' ಅಂದ. ನನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಫೇಸ್ ಇದೆ ನಿನಗೆ" ಅಂದ. ಹೆಸರು ಬರೆದುಕೊಳ್ಳಲು ನೂರು ರೂಪಾಯಿ. ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಲಾಲ್‌ಬಾಗ್ ಗಾಜಿನ ಮನೆಯ ಹತ್ತಿರ ಎರಡು ಫೋಟೋ ಸಮೇತ ಬಾ, ಡೈರೆಕ್ಟರು ಅಲ್ಲಿಗೇ ಬರುತ್ತಾರೆ ಅಂದ. ನಾನು ನಂಬಿದೆ. ಲಾಲ್‌ಬಾಗ್ ಅಂದ ಮೇಲೆ ನಂಬದೇ ಇರೋದು ಹೇಗೆ? ಸಿನಿಮಾ ಇರೋದೇ ಅಲ್ಲಿ!

ಹತ್ತು ಗಂಟೆಯ ಅಪಾಯಿಂಟ್‌ಮೆಂಟ್

ಆಗ ಮೀಟರ್ ಗೇಜ್ ಗಾಡಿ. ರಾತ್ರಿಯೆಲ್ಲ ಕುಲುಕಿ ಬೆಳಗ್ಗೆ ಬೆಂಗಳೂರಲ್ಲಿ ಇಳಿಸಿತು. ಮೆಜೆಸ್ಟಿಕ್! ಗಾಂಧಿನಗರ! ಮುಗಿಲೆತ್ತರದ ಕಟೌಟು. ಕೆಂಪೇಗೌಡ ರಸ್ತೆಯ ಟಾಕೀಸುಗಳನ್ನು ಒಂದೊಂದಾಗಿ ಮುಟ್ಟಿ ನೋಡುವ ಆಸೆ. ಕಪಾಲಿಯ ಮುಂದೆ ನಿಂತು ಬಾಯಿ ತೆರೆದವನು ಮುಚ್ಚಲೇ ಇಲ್ಲ. ಆ ಕಪಾಲಿ ಈಗಿಲ್ಲ ಬಿಡಿ. ಅಲ್ಲಿಂದ ಬಸ್ಸು ಹಿಡಿದು, ಊರ್ವಶಿ ಟಾಕೀಸಿನ ಪೋಸ್ಟರಿಗೊಂದು ಸಲಾಮು ಹೊಡೆದು ಲಾಲ್‌ಬಾಗ್ ಮುಟ್ಟಿದಾಗ ಇನ್ನೂ ಒಂಬತ್ತೂ ಆಗಿರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೆ ಎದುರಿಗೆ ಬಂಡೆ! ಅಬ್ಬಾ, ಮೈ ಚಾಚಿ ಮಲಗಿದ ಆನೆಯ ಹಾಗೆ. ಊರಲ್ಲಿ ಕಲ್ಲೇ ಕಾಣದವನು ಓಡಿ ಹತ್ತಿದೆ. ತುದಿಯಲ್ಲಿ ಕೆಂಪೇಗೌಡರ ಗೋಪುರ. ಬೆಂಗಳೂರಿನ ನಾಲ್ಕು ದಿಕ್ಕಿಗೆ ನಿಂತ ನಾಲ್ಕು ಗೋಪುರಗಳಲ್ಲಿ ಇದೊಂದು. ಆ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ದಕ್ಷಿಣ ದೇಶದ ತಳಪಾಯವೇ ಈ ಜಾತಿಯ ಕಲ್ಲಂತೆ. ಅದರ ಮೇಲೆ ನಿಂತು ನಾನು ಮಾಡಿದ ಕೆಲಸ ಏನು ಗೊತ್ತೇ? ಜೇಬಿನ ಬಾಚಣಿಗೆ ತೆಗೆದು ತಲೆ ಬಾಚಿಕೊಂಡೆ!

ಹತ್ತಕ್ಕೆ ಸರಿಯಾಗಿ ಗಾಜಿನ ಮನೆಯ ಮುಂದೆ ನಿಂತೆ. ಪರದೆಯ ಮೇಲೆ ಕಂಡದ್ದು ಅದರ ಒಂದು ಮೂಲೆ ಮಾತ್ರ ಅಂತ ಆಗ ತಿಳಿಯಿತು. ಕಬ್ಬಿಣದ ಕಮಾನು, ಮೇಲೆಲ್ಲ ಗಾಜು, ಒಳಗೆ ಬಿಸಿಲು ಸೋಸಿ ಬೀಳುತ್ತದೆ. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಆ ಅರಮನೆ 1936ರಲ್ಲಿ ಸುಟ್ಟು ಬೂದಿಯಾಯಿತು. ನಕಲು ನಮ್ಮಲ್ಲಿ ಗಟ್ಟಿಯಾಗಿ ನಿಂತಿದೆ!

ಹತ್ತೂವರೆ ಆಯಿತು. ಹನ್ನೊಂದಾಯಿತು. ಕಪ್ಪು ಕನ್ನಡಕ ಹಾಕಿದ ಪ್ರತಿಯೊಬ್ಬನ ಹಿಂದೆಯೂ ನಾಲ್ಕು ಹೆಜ್ಜೆ ಓಡಿದೆ. ಒಬ್ಬಾತ ಗದರಿಸಿಯೂ ಬಿಟ್ಟ. ಹನ್ನೆರಡು. ಒಂದು. ಬೆವರಿಗೆ ಫೋಟೋದ ಮೂಲೆ ಮಡಿಚಿಕೊಂಡಿತು. ಎರಡು ಗಂಟೆಗೆ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಹಸಿವಲ್ಲ. ಅವನು ಬರೋದಿಲ್ಲ ಅಂತ ಗೊತ್ತಾಗಿ ಹೋಯಿತು.

ಮಾಲಿ ಹೇಳಿದ್ದು

ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದೆ. ಪಾತಿಗೆ ನೀರು ಬಿಡುತ್ತಿದ್ದ ಮುದುಕ ಮಾಲಿಯೊಬ್ಬ ಹತ್ತಿರ ಬಂದ.

"ಯಾರ್‍ನಪ್ಪಾ ಕಾಯ್ತಿದ್ದೀಯ ಬೆಳಗ್ಗಿನಿಂದ?"

"ಡೈರೆಕ್ಟರ್ ಬರ್ತಾರಂತ್ರೀ..."

ಮುದುಕ ನಗಲಿಲ್ಲ. "ಹಿಂಗೆ ಕಾಯೋರ್‍ನ ವರ್ಷಕ್ಕೆ ಹತ್ತು ಜನಾನಾದ್ರೂ ನೋಡ್ತೀನಿ ಕಣಪ್ಪ. ಏಳು, ಮುಖ ತೊಳಕೋ. ದುಡ್ಡು ಕೊಟ್ಟು ಬಂದಿದ್ದೀಯಲ್ಲ, ತೋಟನಾದ್ರೂ ನೋಡ್ಕೊಂಡು ಹೋಗು!"

ಡಬ್ಬಿ ಬಿಚ್ಚಿ ಅರ್ಧ ಮುದ್ದೆ ಕೊಟ್ಟ. ಆಮೇಲೆ ಮುಂದೆ ಮುಂದೆ ನಡೆದ. ಸಿನಿಮಾದವರು ಕ್ಯಾಮರಾ ಇಡುವ ಜಾಗ ತೋರಿಸುತ್ತಾನೆ ಅಂದುಕೊಂಡೆ. ಅವನು ತೋರಿಸಿದ್ದು ಮರ! ಒಂದೊಂದನ್ನೂ ಮನೆ ಮಂದಿಯನ್ನು ಪರಿಚಯ ಮಾಡಿಸಿದ ಹಾಗೆ.

1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಇದು. ಟಿಪ್ಪು ಪರದೇಶಗಳಿಂದ ಸಸಿ, ಬೀಜ ತರಿಸಿ ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಜರ್ಮನಿಯಿಂದ ಬಂದ ಕ್ರುಂಬಿಗಲ್ ಎಂಬ ತೋಟಗಾರ ವರ್ಷಾನುಗಟ್ಟಲೆ ಇಲ್ಲಿ ದುಡಿದು, 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದ. ನಮ್ಮ ಹಾಡುಗಳಲ್ಲಿ ಕಾರಂಜಿ ಚಿಮ್ಮಿಸುವ ಕೆ.ಆರ್.ಎಸ್. ಬೃಂದಾವನದ ಹಿಂದೆಯೂ ಅವನ ಕೈಯಿದೆ. ಈಗ ಲಾಲ್‌ಬಾಗ್ ಇನ್ನೂರ ನಲವತ್ತು ಎಕರೆ. ಅಷ್ಟರಲ್ಲಿ ಒಂದೇ ಒಂದು ಮರವೂ ನಾನು ಸಿನಿಮಾದಲ್ಲಿ ನೋಡಿ ಗುರುತು ಇಟ್ಟುಕೊಂಡದ್ದಲ್ಲ. ನಾಯಕಿ ಒರಗಿದ್ದು ಯಾವ ಮರಕ್ಕೆ ಅಂತ ನಾವು ಯಾವತ್ತು ಕೇಳಿದ್ದೇವೆ?

ಕೆರೆಯ ಕಡೆ ಹೋಗುವಾಗ ಒಂದು ಮರದ ಮುಂದೆ ಮುದುಕ ನಿಂತ. ಬಿಳಿ ಬೂರುಗ. ಬುಡದಲ್ಲಿ ಬೇರುಗಳೇ ಗೋಡೆಯ ಹಾಗೆ ಎದ್ದಿವೆ. ಎರಡು ಬೇರಿನ ನಡುವೆ ಒಂದು ಎತ್ತು ಕಟ್ಟಬಹುದು! ತಲೆ ಎತ್ತಿದರೆ ಟೋಪಿ ಬೀಳುತ್ತದೆ. ಕಾಯಿ ಒಡೆದು ಮೇಲಿಂದ ಬೆಳ್ಳಗೆ ಏನೋ ತೇಲಿ ಬರುತ್ತಿತ್ತು. ಕೈಯೊಡ್ಡಿ ಹಿಡಿದೆ. ಹತ್ತಿ!

ನಮ್ಮೂರ ಹತ್ತಿ ಗಿಡ ಸೊಂಟಕ್ಕೆ ಬಂದರೆ ಹೆಚ್ಚು. ಬಗ್ಗಿ ಬಗ್ಗಿ ಬಿಡಿಸಿ ನಮ್ಮವ್ವನ ನಡ ಹೋಗಿದೆ. ಇಲ್ಲಿ ಆಕಾಶದಿಂದ ಹತ್ತಿ ಉದುರುತ್ತಿದೆ! ಒಂದು ಹಿಡಿ ಆರಿಸಿ ಜೇಬಿಗೆ ಹಾಕಿಕೊಂಡೆ. ಫೋಟೋ ಇಟ್ಟ ಜೇಬಿಗೇ.

ಮತ್ತೆ ಅದೇ ಗಾಜಿನ ಮನೆ

ಆಮೇಲೆ ಮೂವತ್ತೊಂಬತ್ತು ವರ್ಷ. ಕಮತ ಮಾಡಿದೆ, ಮಕ್ಕಳ ಮದುವೆ ಮಾಡಿದೆ. ಹುಬ್ಬಳ್ಳಿಯಲ್ಲಿ ಇಂದಿರಾ ಗಾಜಿನ ಮನೆ ಆಯಿತು. ಅದನ್ನು ನೋಡಿದಾಗಲೆಲ್ಲ ಹಳೆಯ ಗಾಯ ಸ್ವಲ್ಪ ತುರಿಸುತ್ತಿತ್ತು. ಲಾಲ್‌ಬಾಗಿಗೆ ಮಾತ್ರ ಕಾಲಿಡಲಿಲ್ಲ.

2022ರ ಆಗಸ್ಟಿನಲ್ಲಿ ಹೋಗಲೇಬೇಕಾಯಿತು. ಕಾರಣ, ನಮ್ಮಣ್ಣನ ಮಗ. ಹತ್ತೊಂಬತ್ತು ವರ್ಷ, ಅಪ್ಪು ಅಂದರೆ ಪ್ರಾಣ, ಮೊಬೈಲಿನಲ್ಲಿ ರೀಲ್ಸ್ ಮಾಡುತ್ತಾನೆ. ಯಾರೋ ಒಬ್ಬ ಫೋನಿನಲ್ಲಿ "ನಿಮಗೆ ಫೇಸ್ ಇದೆ" ಅಂದಿದ್ದಾನೆ! ಆಡಿಷನ್ನಿಗೆ ಇಪ್ಪತ್ತು ಸಾವಿರ ಕಳಿಸಬೇಕಂತೆ. ಹುಡುಗ ಬೈಕು ಮಾರಲು ನಿಂತಿದ್ದ. ಬುದ್ಧಿ ಹೇಳಿದರೆ ಕೇಳುವ ವಯಸ್ಸೇ ಅದು? "ಬಾರೋ, ದುಡ್ಡು ಆಮೇಲೆ ಕಳಸೂಣು. ಮೊದಲ ಲಾಲ್‌ಬಾಗ್‌ನ್ಯಾಗ ಅಪ್ಪೂನ್ನ ನೋಡಿ ಬರೂಣು" ಅಂದೆ.

ಆ ವರ್ಷದ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನವನ್ನು ಡಾ. ರಾಜಕುಮಾರ್ ಮತ್ತು ಪುನೀತ್ ರಾಜಕುಮಾರ್ ಅವರಿಗೆ ಅರ್ಪಿಸಿದ್ದರು. 2021ರ ಅಕ್ಟೋಬರ್ 29ರಂದು ಅಪ್ಪು ನಲವತ್ತಾರಕ್ಕೇ ಹೊರಟುಹೋದ ದುಃಖ ಜನರಲ್ಲಿ ಇನ್ನೂ ಹಸಿ. ಈಗ ಮೆಟ್ರೋಗೆ ಲಾಲ್‌ಬಾಗ್ ಅಂತಲೇ ಸ್ಟೇಶನ್ನಿದೆ. ಇಳಿದರೆ ಜನ, ಜನ, ಜನ! ಮೊದಲ ದಿನ ಮೊದಲ ಆಟದ ಗಲಾಟೆಯೂ ಇದರ ಮುಂದೆ ಕಡಿಮೆ. ಆದರೆ ಸಿಳ್ಳೆ ಇಲ್ಲ. ಅಜ್ಜಿಯಂದಿರು ಅಪ್ಪು ಪ್ರತಿಮೆ ಕಂಡು ಕೈಮುಗಿಯುತ್ತಿದ್ದರು.

ತಳ್ಳಿಸಿಕೊಂಡು ಗಾಜಿನ ಮನೆಯೊಳಗೆ ಹೋದೆವು. ನಡುವೆ ಗಾಜನೂರಿನ ಮನೆ ನಿಂತಿತ್ತು. ಅಣ್ಣಾವ್ರು ಹುಟ್ಟಿದೂರಿನ ಹಂಚಿನ ಮನೆ, ಪೂರ್ತಿ ಹೂವಿನಲ್ಲಿ! ನಾನು 1983ರಲ್ಲಿ ಡೈರೆಕ್ಟರಿಗೆ ಕಾದು ನಿಂತ ಜಾಗ ಅಲ್ಲಿಂದ ಹತ್ತು ಮಾರು.

ಹುಡುಗ ಮೊಬೈಲು ಎತ್ತಿದವನು ಹಾಗೇ ಇಳಿಸಿದ. "ಕಾಕಾ, ಇಷ್ಟ ಸಣ್ಣ ಮನಿ?"

"ಹೂಂ. ನಮ್ಮ ಮನಿಗಿಂತ ಏನ್ ದೊಡ್ಡದಲ್ಲ ನೋಡು."

ಆ ಮನೆಯ ಮುತ್ತುರಾಜ ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು, ಅಪ್ಪನ ಜೊತೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದವರು. 1954ರಲ್ಲಿ 'ಬೇಡರ ಕಣ್ಣಪ್ಪ' ಬರುವ ಹೊತ್ತಿಗೆ ರಂಗದ ಮೇಲೆ ವರ್ಷಗಟ್ಟಲೆ ಬೆವರು ಹರಿಸಿದ್ದರು. ಅಪ್ಪುವೂ ಅಷ್ಟೇ. ಕೈಗೂಸಾಗಿದ್ದಾಗಲೇ ಕ್ಯಾಮರಾ ಮುಂದೆ ಬಂದವನು. 1985ರ 'ಬೆಟ್ಟದ ಹೂವು' ಚಿತ್ರದಲ್ಲಿ ಕಾಡಿನ ಹೂವು ಆರಿಸಿ ಮಾರಿ, ಪುಸ್ತಕ ಕೊಳ್ಳಲು ಕಾಸು ಕೂಡಿಸುವ ಬಡ ಹುಡುಗನಾಗಿ ರಾಷ್ಟ್ರಪ್ರಶಸ್ತಿ ತಂದ. ಇನ್ನು ನಮ್ಮ ಸಂಶಿ ಪಕ್ಕದ ಕುಂದಗೋಳಕ್ಕೆ ಬನ್ನಿ. ಸವಾಯಿ ಗಂಧರ್ವರ ಹತ್ತಿರ ಹಾಡು ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿದರು. ನಾನು ಹೀರೋ ಆಗಲು ಹತ್ತಿದ್ದೂ ಅದೇ ಹಳಿಯ ಗಾಡಿ!

ಇದನ್ನೆಲ್ಲ ಹುಡುಗನಿಗೆ ಭಾಷಣ ಬಿಗಿಯಲಿಲ್ಲ. ಕೆರೆಯ ಕಡೆ ಕರಕೊಂಡು ಹೋದೆ. ಬೂರುಗ ಹಾಗೇ ಇತ್ತು. ನನ್ನ ತಲೆ ಬೆಳ್ಳಗಾಗಿದೆ, ಅದಕ್ಕೇನೂ ಆಗಿಲ್ಲ! ಬುಡದ ಹತ್ತಿರ ಕೂತು ನೂರು ರೂಪಾಯಿಯ ಕಥೆ ಹೇಳಿದೆ. ಹೆಂಡತಿಗೂ ಹೇಳಿರದ ಕಥೆ. ಅವನು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿದ.

"ಅಜ್ಜ ಏನಂದ? ಹೊಡದನೇನು?"

ಇಲ್ಲ. ಅವತ್ತು ಊರಿಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಟ್ರಂಕು ನೋಡಿದ್ದ, ಎಲ್ಲ ಗೊತ್ತಾಗಿತ್ತು. ಕೈ ಎತ್ತಲಿಲ್ಲ. "ಲಾಲ್‌ಬಾಗ್ ಹ್ಯಾಂಗೈತಿ?" ಅಂತ ಕೇಳಿದ. ನನಗೆ ಮಾತು ಹೊರಡಲಿಲ್ಲ. ಜೇಬಿನಿಂದ ಆ ಹತ್ತಿ ತೆಗೆದು ಕೊಟ್ಟೆ. "ಮುಗಿಲ ಮುಟ್ಟೂ ಗಿಡದಾಗ ಬಿಡತೈತಿ ಅಪ್ಪಾ" ಅಂದೆ.

ಹುಬ್ಬಳ್ಳಿ ಅಡತಿಯಲ್ಲಿ ಮಾಡುತ್ತಿದ್ದ ಹಾಗೆ ಅಪ್ಪ ಅದನ್ನು ಎರಡು ಬೆರಳಲ್ಲಿ ಎಳೆದು ನೋಡಿದ. ಎಳೆ ಜಾರಿ ಜಾರಿ ಹೋಯಿತು. ಬೂರುಗದ ಹತ್ತಿ ನುಣುಪು. ಹೊಸೆದರೆ ನಿಲ್ಲೋದಿಲ್ಲ.

"ಚಂದ ಐತಿ. ಆದರ ಇದರಾಗ ನೂಲು ಬರಂಗಿಲ್ಲೋ ತಮ್ಮಾ. ತಲಿದಿಂಬಿಗೆ ಆದೀತು."

ಅಷ್ಟೇ ಅಂದದ್ದು. ಮರುದಿನ ಬೆಳಗ್ಗೆ ನನ್ನನ್ನು ಎಬ್ಬಿಸಿ ಹೊಲಕ್ಕೆ ಕರಕೊಂಡು ಹೋದ. ದುಡ್ಡಿನ ಮಾತು ಸಾಯುವ ತನಕ ಎತ್ತಲಿಲ್ಲ.

ನಮ್ಮ ಹುಡುಗ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಮೊಬೈಲು ತೆಗೆದು ಏನನ್ನೋ ಅಳಿಸಿದ. ಏನು ಅಂತ ನಾನು ಕೇಳಲಿಲ್ಲ. ಈಗ ಧಾರವಾಡದ ಒಂದು ಹವ್ಯಾಸಿ ನಾಟಕ ತಂಡದಲ್ಲಿದ್ದಾನೆ. ಮೊದಲ ವರ್ಷವೆಲ್ಲ ಪರದೆ ಎಳೆಯುವ ಕೆಲಸ. ಬೈಕು ಮಾರಿಲ್ಲ. ವಾರಕ್ಕೆ ಮೂರು ದಿನ ಅದರ ಮೇಲೇ ಹೋಗಿ ಬರುತ್ತಾನೆ.

ನೀವು ಬೆಂಗಳೂರಿಗೆ ಹೋದರೆ ಲಾಲ್‌ಬಾಗಿಗೆ ಖಂಡಿತ ಹೋಗಿ ಗೆಳೆಯರೇ. ಬಂಡೆ ಹತ್ತಿ, ಗಾಜಿನ ಮನೆ ನೋಡಿ, ಕೆರೆ ಹತ್ತಿರದ ಬೂರುಗದ ಬುಡದಲ್ಲಿ ಹತ್ತು ನಿಮಿಷ ಕೂತು ಬನ್ನಿ. ಗಾಜಿನ ಮನೆ ಹತ್ತಿರ ಫೋಟೋ ಹಿಡಿದು ಯಾರನ್ನೋ ಕಾಯುತ್ತ ನಿಂತ ಹುಡುಗ ಕಂಡರೆ, ನಗಬೇಡಿ. ಊಟ ಆಯಿತೇನು ಅಂತ ಕೇಳಿ.