ನನ್ನ ಹಸಿರು ದಾರದ ಕತೆ

(1/7)
ನಿನ್ನೆ ಸ್ಟೋರಿಯಲ್ಲಿ ಒಂದು ಗಿಳಿಹಸಿರು ಸಿಕ್ಕಿನ ಫೋಟೋ ಹಾಕಿ ‘ಇದೇನು ಹೇಳಿ’ ಅಂತ ಕೇಳಿದ್ದೆ. ಅರ್ಧ ಜನ ಹೊಲಿಗೆ ನೂಲು ಅಂದ್ರಿ. ಒಬ್ಬ ಮಹಾನುಭಾವ ಪಾಲಕ್ ಮ್ಯಾಗಿ ಅಂದ. ಅಲ್ಲ ಮಾರಾಯ್ರೆ, ಅದು ಗಾಳದ ದಾರ. ಅಂಗಡಿಯವರು ‘ಬ್ರೇಡ್’ ಅಂತಾರೆ, ಅಂದ್ರೆ ಜಡೆ ಹೆಣೆದ ದಾರ. ಅದು ನನ್ನದೇ. ವಾಪಸ್ ಸಿಕ್ಕಿದ್ದು ಎಲ್ಲಿ ಅಂತ ಕೊನೆಗೆ ಹೇಳ್ತೀನಿ. ಮೊದಲು ಅದು ಎಂಥ ದಾರ ಅಂತ ತಿಳ್ಕೊಳ್ಳಿ. ಇಲ್ಲಾಂದ್ರೆ ನನಗೆ ಯಾಕಷ್ಟು ಬೇಜಾರಾಯ್ತು ಅಂತ ನಿಮಗೆ ಅರ್ಥ ಆಗಲ್ಲ.

(2/7)
ಕುಂದಾಪುರದ ಕಡೆ ಗಾಳ ಹಾಕುವವರ ಕೈಯಲ್ಲಿ ನೀವು ನೋಡಿರೋದು ತಂಗೂಸಿ. ಅದು ನೈಲಾನಿನ ಒಂದೇ ಎಳೆ. ಜಡೆ ದಾರ ಹಾಗಲ್ಲ. ಕೂದಲಿಗಿಂತ ಸಣ್ಣ ಅನೇಕ ನಾರು ಸೇರಿ ಒಂದು ಎಳೆ, ಅಂಥ ನಾಲ್ಕು ಅಥವಾ ಎಂಟು ಎಳೆ ಸೇರಿ ಒಂದು ದಾರ. ನಾಲ್ಕೆಳೆಯದು ಸ್ವಲ್ಪ ಒರಟು, ಎಂಟೆಳೆಯದು ಹೆಚ್ಚು ದುಂಡಗೆ, ನುಣ್ಣಗೆ ಇರುತ್ತೆ. ಬೆಲೆಯೂ ಅದಕ್ಕೆ ತಕ್ಕ ಹಾಗೆ.

ಈಗ ತಮಾಷೆ ಕೇಳಿ. ಇದರ ಮೂಲವಸ್ತು ಪಾಲಿಥಿನ್. ಹೌದು, ಹಾಲಿನ ಪ್ಯಾಕೆಟ್ಟಿನ ಜಾತಿಯದ್ದೇ! ವ್ಯತ್ಯಾಸ ಇರೋದು ಅಣುವಿನ ಉದ್ದದಲ್ಲಿ. ಈ ಪಾಲಿಥಿನ್ನಿನ ಅಣುಸರಪಳಿಗಳು ವಿಪರೀತ ಉದ್ದ, ಅಣುತೂಕ ಹತ್ತಾರು ಲಕ್ಷ. ಅದನ್ನು ದ್ರಾವಕದಲ್ಲಿ ಕರಗಿಸಿ, ಜೆಲ್ ಥರ ಮಾಡಿ, ಶ್ಯಾವಿಗೆ ಒತ್ತಿದ ಹಾಗೆ ಸಣ್ಣ ತೂತಿನಿಂದ ಹೊರಗೆ ತೆಗೆದು, ಆಮೇಲೆ ಚೆನ್ನಾಗಿ ಜಗ್ಗುತ್ತಾರೆ. ಜಗ್ಗಿದಾಗ ಗೋಜಲಾಗಿದ್ದ ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಶಕ್ತಿ ಬರೋದು ಅಲ್ಲಿಂದ. 1970ರ ದಶಕದ ಕೊನೆಗೆ ನೆದರ್‌ಲ್ಯಾಂಡ್ಸ್‌ನ ಡಿಎಸ್ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಅನ್ನುವ ಇಬ್ಬರು ಈ ದಾರಿ ಕಂಡುಹಿಡಿದರು. ಡೈನೀಮಾ, ಸ್ಪೆಕ್ಟ್ರಾ ಅಂತ ಡಬ್ಬಿ ಮೇಲೆ ಓದಿರ್ತೀರಲ್ಲ, ಅವು ಈ ನಾರಿನ ವ್ಯಾಪಾರದ ಹೆಸರುಗಳು. ಹಡಗು ಕಟ್ಟುವ ಹಗ್ಗ, ಗುಂಡು ನಿರೋಧಕ ಅಂಗಿ, ಕೈ ಕೊಯ್ಯದ ಗ್ಲೌಸು, ಎಲ್ಲದರಲ್ಲೂ ಇದೇ ನಾರು.

(3/7)
ನಾನು ರಜೆಯಲ್ಲಿ ಅಂಗಡಿ ಲೆಕ್ಕ ಬರೆದು ದುಡಿದ ದುಡ್ಡಲ್ಲಿ 1,800 ರೂಪಾಯಿ ಕೊಟ್ಟು ಒಂದು ಸುರುಳಿ ತಗೊಂಡೆ. 20 ಪೌಂಡಿನದು, ಅಂದ್ರೆ ಸುಮಾರು 9 ಕಿಲೋ ತಡೆಯುತ್ತೆ. ದಪ್ಪ ಮಾತ್ರ 6 ಪೌಂಡಿನ ತಂಗೂಸಿಯಷ್ಟು. ಸಣ್ಣ ಇದ್ದಷ್ಟೂ ಗಾಳಿಯಲ್ಲಿ ದೂರ ಹೋಗುತ್ತೆ, ಸೆಳೆತದಲ್ಲಿ ಕಡಿಮೆ ಎಳೆಯುತ್ತೆ.

ಇನ್ನೊಂದು ಗುಣ, ಇದು ಹೆಚ್ಚು ಹಿಗ್ಗಲ್ಲ. ತಂಗೂಸಿ ರಬ್ಬರ್ ಥರ ಹಿಗ್ಗಿ ಮೀನಿನ ಕುಟುಕನ್ನ ಅರ್ಧ ನುಂಗಿಬಿಡುತ್ತೆ. ಇದರಲ್ಲಿ ಐವತ್ತು ಮೀಟರ್ ಆಚೆ ಏಡಿ ಮುಟ್ಟಿದ್ರೂ ಬೆರಳಿಗೆ ಗೊತ್ತಾಗುತ್ತೆ. ನೀರಿಗಿಂತ ಹಗುರ, ಹಾಗಾಗಿ ತೇಲುತ್ತೆ. ನೈಲಾನಿನ ಹಾಗೆ ನೀರು ಕುಡಿಯಲ್ಲ, ಕೊಳೆಯಲ್ಲ. ಮೊದಲ ವಾರ ನಾನು ನೆಲದ ಮೇಲೆ ನಡೆದದ್ದೇ ಇಲ್ಲ ಅನ್ಕೊಳ್ಳಿ.

(4/7)
ಆಮೇಲೆ ಬಂತು ಆ ಸಂಜೆ. ಕೋಡಿ ಬ್ರೇಕ್‌ವಾಟರ್ ಕಲ್ಲಿನ ಮೇಲೆ ನಾನು, ನನ್ನ ಗೆಳೆಯ. ಗಾಳ ಒಮ್ಮೆಲೇ ಬಗ್ಗಿತು. ಕೆಂಬೇರಿ ಅಂತ ಗೆಳೆಯ ಕೂಗಿದ. ಮೀನು ಸೀದಾ ಕಲ್ಲಿನ ಬುಡಕ್ಕೆ ನುಗ್ಗಿತು. ಟಕ್. ಅಷ್ಟೇ. ದಾರದ ತುದಿ ನೋಡಿದ್ರೆ ಹಳೇ ಬ್ರಷ್ಷಿನ ಹಾಗೆ ಕೆದರಿತ್ತು. ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ ಅಂತ ಅಂಗಡಿಗೆ ಬೈದು ಮೆಸೇಜ್ ಟೈಪ್ ಮಾಡಿದ್ದೆ. ಪುಣ್ಯಕ್ಕೆ ಕಳಿಸಿರಲಿಲ್ಲ.

ತಪ್ಪು ದಾರದ್ದಲ್ಲ. ಗಟ್ಟಿ ಅನ್ನೋದು ಬೇರೆ, ಸವೆತ ತಡೆಯೋದು ಬೇರೆ. ಕೈಗ್ಲೌಸಿನಲ್ಲಿ ಈ ನಾರು ದಪ್ಪಗೆ, ಸಡಿಲವಾಗಿ ಇರುತ್ತೆ. ಗಾಳದಲ್ಲಿ ಅದೇ ನಾರು ಕಾಲು ಮಿಲಿಮೀಟರ್ ದಪ್ಪಕ್ಕೆ, ಬಿಗಿಯಾಗಿ ಎಳೆದ ಸ್ಥಿತಿಯಲ್ಲಿ, ಚಿಪ್ಪು ಅಂಟಿದ ಕಲ್ಲಿಗೆ ಉಜ್ಜುತ್ತೆ. ಒಂದೊಂದೇ ನಾರು ತುಂಡಾಗ್ತಾ ಹೋಗುತ್ತೆ, ಉಳಿದವುಗಳ ಮೇಲೆ ಭಾರ ಹೆಚ್ಚುತ್ತೆ. ಅದಕ್ಕೇ ತಿಳಿದವರು ತುದಿಗೆ ಒಂದೆರಡು ಮೀಟರ್ ದಪ್ಪ ನೈಲಾನ್ ಅಥವಾ ಫ್ಲೂರೋಕಾರ್ಬನ್ ಲೀಡರ್ ಕಟ್ತಾರೆ. ಕಲ್ಲಿಗೆ ಉಜ್ಜೋ ಕೆಲಸ ಲೀಡರ್‌ದು, ಎಳೆಯೋ ಕೆಲಸ ಜಡೆಯದು.

(5/7)
ಇನ್ನೊಂದು ದೌರ್ಬಲ್ಯ ಬಿಸಿ. ನೈಲಾನ್ ಕರಗಲಿಕ್ಕೆ 200 ಡಿಗ್ರಿ ದಾಟಬೇಕು. ಇದು ಸುಮಾರು 150 ಡಿಗ್ರಿ ಒಳಗೇ ಕರಗುತ್ತೆ. ಒಣ ಗಂಟನ್ನ ಜೋರಾಗಿ ಎಳೆದ್ರೆ ಉಜ್ಜಿದ ಬಿಸಿಗೇ ಗಂಟು ಹಾಳಾಗುತ್ತೆ. ಹಾಗಾಗಿ ಎಂಜಲು ಹಚ್ಚಿ ಒದ್ದೆ ಮಾಡಿ ನಿಧಾನ ಬಿಗಿ ಮಾಡಬೇಕು. ಮೇಲಿಂದ ಈ ನಾರು ಎಣ್ಣೆ ಹಚ್ಚಿದ ಹಾಗೆ ಜಾರುತ್ತೆ. ಮಾಮೂಲಿ ಗಂಟು ಹಾಕಿದ್ರೆ ಕಳಚಿ ಬರುತ್ತೆ. ಕೊಕ್ಕೆಗೆ ಪಾಲೋಮರ್ ಗಂಟು, ಲೀಡರಿಗೆ ಎಫ್‌ಜಿ ಗಂಟು ಕಲೀರಿ. ಎಫ್‌ಜಿ ಕಲಿಯೋಕೆ ನನಗೆ ಮೂರು ರಾತ್ರಿ ಬೇಕಾಯ್ತು. ರೀಲಿಗೆ ಸುತ್ತುವಾಗಲೂ ಮೊದಲು ಸ್ವಲ್ಪ ತಂಗೂಸಿ ಸುತ್ತಿ, ಅದರ ಮೇಲೆ ಇದನ್ನ ಸುತ್ತಿ. ಇಲ್ಲಾಂದ್ರೆ ಪೂರ್ತಿ ಸುರುಳಿಯೇ ಒಳಗೊಳಗೆ ಜಾರಿ ತಿರುಗುತ್ತೆ.

(6/7)
ಬಿಕಾಂ ಹುಡುಗ ಅಲ್ವಾ, ಸವಕಳಿ ಲೆಕ್ಕ ಹಾಕದೆ ಇರ್ತೀನಾ? ನಾನು ತಗೊಳ್ತಿದ್ದ ತಂಗೂಸಿ 150 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕಿತ್ತು. ಮೂರು ವರ್ಷಕ್ಕೆ 1,350. ಜಡೆ ದಾರ 1,800, ಆದ್ರೆ ಒಂದು ಬದಿ ಸವೆದ ಮೇಲೆ ಪೂರ್ತಿ ಬಿಚ್ಚಿ ತಿರುಗಿಸಿ ಸುತ್ತಿದ್ರೆ, ಒಳಗೆ ಮುಟ್ಟದೇ ಇದ್ದ ದಾರ ಮೇಲೆ ಬರುತ್ತೆ. ಆಯುಷ್ಯ ಹೆಚ್ಚುಕಡಿಮೆ ಎರಡು ಪಟ್ಟು. ಪ್ರತಿ ಸಲ ಮನೆಗೆ ಬಂದು ಸಿಹಿನೀರಲ್ಲಿ ತೊಳೀರಿ, ಎಳೆಗಳ ನಡುವೆ ಉಪ್ಪಿನ ಹರಳು ಕೂರಬಾರದು. ಬಣ್ಣ ಹೋಯ್ತು ಅಂತ ಹೆದರಬೇಡಿ, ಈ ನಾರು ಬಣ್ಣ ಹಿಡಿಯೋದೇ ಇಲ್ಲ, ಅದು ಮೇಲಿನ ಲೇಪ ಅಷ್ಟೇ. ಮೇಲೆ ನಯ ಹೋಗಿ ಜೂಲು ಎದ್ದಿದ್ರೆ ಮಾತ್ರ ಅಷ್ಟು ಭಾಗ ಕತ್ತರಿಸಿ.

ಕತ್ತರಿಸಿದ್ದನ್ನ ಏನು ಮಾಡ್ತೀರಿ? ನನ್ನ ಲೆಕ್ಕದಲ್ಲಿ ಆ ಕಾಲಂ ಇರಲೇ ಇಲ್ಲ.

(7/7)
ಜನವರಿಯಲ್ಲಿ ಒಂದು ದಿನ ಗಾಳಿಗೆ ದಾರ ಸಿಕ್ಕಾಯ್ತು. ಬಿಡಿಸಿ ಬಿಡಿಸಿ ಸಾಕಾಗಿ ಮೂರು ಮೀಟರ್ ಕತ್ತರಿಸಿ ಕಲ್ಲಿನ ಸಂದಿಗೆ ಎಸೆದೆ. ಸಮುದ್ರ ತಗೊಂಡು ಹೋಗುತ್ತೆ ಅನ್ಕೊಂಡೆ.

ಸುಮಾರು ಒಂದು ತಿಂಗಳ ನಂತರ ಅದೇ ಜಾಗದಲ್ಲಿ ಒಂದು ಬೆಳ್ಳಕ್ಕಿ ರೆಕ್ಕೆ ಬಡೀತಾ ಇತ್ತು, ಹಾರ್ತಾ ಇರಲಿಲ್ಲ. ಹತ್ತಿರ ಹೋದ್ರೆ ಕಾಲಿಗೆ ಗಿಳಿಹಸಿರು ದಾರ, ಇನ್ನೊಂದು ತುದಿ ಕಲ್ಲಿಗೆ ಸಿಕ್ಕಿಕೊಂಡಿತ್ತು. ದಾರದ ಮಧ್ಯೆ ನನ್ನದೇ ಎಫ್‌ಜಿ ಗಂಟು. ಮೂರು ರಾತ್ರಿ ಕೂತು ಕಲಿತ ಗಂಟು ಗುರುತು ಸಿಗದೇ ಇರುತ್ತಾ?

ಗೆಳೆಯ ಟವೆಲ್ ಹಾಕಿ ಹಕ್ಕಿಯನ್ನ ಹಿಡಿದ. ನಾನು ಕತ್ತರಿ ಹಾಕಿದೆ. ದಾರ ಚರ್ಮದ ಒಳಗೆ ಇಳಿದಿತ್ತು, ಒಂದು ಬೆರಳು ಕಪ್ಪಾಗಿತ್ತು. ಬಿಟ್ಟ ಕೂಡಲೇ ಹಾರಿತು, ಕಾಲು ಮಡಚದೆ ಜೋತುಬಿಟ್ಟುಕೊಂಡೇ ಹಾರಿತು. ಆಮೇಲೆ ಏನಾಯ್ತೋ ಗೊತ್ತಿಲ್ಲ.

ಆ ತುಂಡನ್ನ ಮನೆಗೆ ತಂದು ಬ್ಯಾಗ್ ತೂಗೋ ತಕ್ಕಡಿಗೆ ಕಟ್ಟಿ ಎಳೆದೆ. ತಿಂಗಳು ಬಿಸಿಲು, ಉಪ್ಪುನೀರು, ಅಲೆ ಎಲ್ಲ ತಿಂದ ದಾರ. 7 ಕಿಲೋ ತನಕ ತಡೆಯಿತು. ಒಂದು ಬೆಳ್ಳಕ್ಕಿ ಒಂದು ಕಿಲೋ ಕೂಡ ಇರಲ್ಲ.

ನಾನು ಗಾಳ ಬಿಟ್ಟಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಈಗ ಬ್ಯಾಗಿನಲ್ಲಿ ಒಂದು ಮುಚ್ಚಳದ ಬಾಟಲಿ ಇರುತ್ತೆ. ಕತ್ತರಿಸಿದ ಒಂದೊಂದು ಇಂಚೂ ಅದರೊಳಗೆ, ಬೇರೆಯವರು ಬಿಟ್ಟು ಹೋದದ್ದೂ ಕೂಡ. ಕೊನೆಯ ಸ್ಲೈಡಿನಲ್ಲಿ ಇರೋದು ಅದೇ ಬಾಟಲಿ, ಎರಡು ತಿಂಗಳದ್ದು, ಮುಕ್ಕಾಲು ತುಂಬಿದೆ. ಭಾನುವಾರ ಕೋಡಿಗೆ ಬರುವವರು ನಿಮ್ಮದೂ ಒಂದು ಬಾಟಲಿ ತನ್ನಿ. ಕತ್ತರಿ ನನ್ನ ಹತ್ರ ಇದೆ.

#ಗಾಳ #ಕೋಡಿ #ಜಡೆದಾರ #ಕುಂದಾಪುರ