ಗಡಿ ದಾಟಿದರೆ ತುಪ್ಪ ‘ತೂಪ್’

ಮಕ್ಕಳೇ, ಬೇರೆ ಭಾಷೆಯ ನಾಡು ನೋಡಲು ನಮ್ಮ ಬೀದರ ಜಿಲ್ಲೆಯವರು ವಿಮಾನ ಹತ್ತಬೇಕಿಲ್ಲ. ನಿರ್ಣಾದಿಂದ ಹುಮನಾಬಾದಿಗೆ ಬಂದು, ಹೈದರಾಬಾದಿನಿಂದ ಪುಣೆಗೆ ಹೋಗುವ 65ನೇ ಹೆದ್ದಾರಿಯಲ್ಲಿ ಪಡುವಣಕ್ಕೆ ಹೊರಟರೆ ಸಾಕು. ಬಸವಕಲ್ಯಾಣಕ್ಕೆ ಹೊರಳುವ ಸಸ್ತಾಪುರ ಬಂಗ್ಲಾ ದಾಟಿ ಮುಂದೆ ಹೋದಂತೆ ಅಂಗಡಿ ಬೋರ್ಡುಗಳಲ್ಲಿ ಕನ್ನಡ ಹೋಗಿ ಮರಾಠಿ ಬರುತ್ತದೆ. ಹೊಲ ಮಾತ್ರ ಬದಲಾಗುವುದಿಲ್ಲ. ಅದೇ ಕರಿ ಮಣ್ಣು, ಅದೇ ಹಳದಿ ಹೂವಿನ ತೊಗರಿ, ಅದೇ ಸೋಯಾಬೀನ್ ರಾಶಿ.

ಕಳೆದ ವರ್ಷ ಸೀಗಿ ಹುಣ್ಣಿಮೆ ಮುಗಿದ ವಾರ ಐದನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಮಗ ಕಾರು ನಡೆಸಿದ. ಉಮರ್ಗಾ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮದುವೆಯಾದದ್ದು 1961ರಲ್ಲಿ. ಅದಕ್ಕೆ ಐದು ವರ್ಷ ಮೊದಲಿನ ತನಕ ನಿರ್ಣಾ, ಉಮರ್ಗಾ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಅವರು ಮುಂಬಯಿ ರಾಜ್ಯಕ್ಕೆ ಸೇರಿದರು. ನಡುವೆ ಗಡಿ ಬಂತು, ಬೀಗತನ ನಿಲ್ಲಲಿಲ್ಲ.

“ಅಜ್ಜಾ, ಅಲ್ಲಿ ಮಾತಾಡೋದು ಹ್ಯಾಂಗ?” ಎಂದಳು ಮೊಮ್ಮಗಳು. ನನ್ನದು ಬ್ಯಾಂಕ್ ಕೌಂಟರಿನ ಮರಾಠಿ. ‘ಕಿತಿ?’ ಅಂದರೆ ಎಷ್ಟು, ‘ಸಹಿ ಕರಾ’ ಅಂದರೆ ಸಹಿ ಮಾಡಿ, ‘ಉದ್ಯಾ ಯಾ’ ಅಂದರೆ ನಾಳೆ ಬನ್ನಿ. ಈ ಮೂರನ್ನೇ ನಂಬಿದರೆ ಹೊಟ್ಟೆಗೆ ಊಟ ಸಿಗುವುದಿಲ್ಲ!

ಅಕ್ಕನ ಮನೆ ಸೇರಿದ ಕೂಡಲೇ ತಮಾಷೆ ಶುರುವಾಯಿತು. ನಮ್ಮ ಮನೆಯಲ್ಲಿ ಅಜ್ಜಿಗೆ ‘ಆಯಿ’ ಅನ್ನುತ್ತೇವೆ. ಮೊಮ್ಮಗಳು ಅಕ್ಕನನ್ನು “ಆಯೀ” ಎಂದು ಕೂಗಿದರೆ, ಅಡುಗೆಮನೆಯಿಂದ ಅಕ್ಕನ ಮೊಮ್ಮಗನ ಹೆಂಡತಿ “ಕಾಯ್ ಗ?” ಎಂದು ಓಗೊಟ್ಟಳು. ಮರಾಠಿಯಲ್ಲಿ ‘ಆಈ’ ಅಂದರೆ ತಾಯಿ. ನಮ್ಮ ‘ತಾಯಿ’ಯಂತೆ ಕೇಳುವ ‘ತಾಈ’ ಅಲ್ಲಿ ಅಕ್ಕ!

ಆ ಸೊಸೆಯ ಮಗನಿಗೆ ಹನ್ನೊಂದು ವರ್ಷ. ಅವನಿಗೆ ಕನ್ನಡ ಬಾರದು, ಇವಳಿಗೆ ಮರಾಠಿ ಬಾರದು. ಇಬ್ಬರೂ ನೋಟುಬುಕ್ಕಿನಲ್ಲಿ ಗೆರೆ ಎಳೆದು ಆಚೆ ಈಚೆ ಪದ ಬರೆಯತೊಡಗಿದರು. ನೀರು ಅಲ್ಲಿ ‘ಪಾಣಿ’, ಜೋಳ ‘ಜ್ವಾರಿ’. ಆದರೆ ತುಪ್ಪ ‘ತೂಪ್’, ಅಡಕೊತ್ತು ‘ಅಡಕಿತ್ತಾ’, ಶೇಂಗಾ ಎರಡೂ ಕಡೆ ಶೇಂಗಾ. ಹೊಲಕ್ಕೆ ಹೋಗಿ ಉಣ್ಣುವ ನಮ್ಮ ಎಳ್ಳಮಾವಾಸ್ಯೆ ಅಲ್ಲಿ ‘ವೇಳ ಅಮಾವಸ್ಯಾ’. ಅಂಬಲಿ, ಭಜ್ಜಿ ಎರಡೂ ಕಡೆ ಉಂಟು.

ಮರುದಿನ ಅದೇ ಹೆದ್ದಾರಿಯಲ್ಲಿ ಮುಂದಿನ ನಳದುರ್ಗ ಕೋಟೆಗೆ ಹೋದೆವು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಅಲ್ಲಿ ಬೋರಿ ನದಿಗೆ ಕಲ್ಲಿನ ಒಡ್ಡು ಕಟ್ಟಿ, ಆ ಒಡ್ಡಿನ ಹೊಟ್ಟೆಯೊಳಗೇ ‘ಪಾಣಿ ಮಹಲ್’ ಎಂಬ ಕೋಣೆ ಮಾಡಿದ್ದಾರೆ. ಮಳೆ ಚೆನ್ನಾಗಿ ಆದ ವರ್ಷ ಕಿಟಕಿಯ ಮುಂದೆಯೇ ನೀರು ಪರದೆಯಂತೆ ಬೀಳುತ್ತದೆ. ಹುಡುಗ “ಪಾಣಿ” ಎಂದು ಕೂಗಿದ, ಇವಳು “ನೀರು” ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ ಅವನು “ನೀರು” ಅನ್ನುತ್ತಿದ್ದ, ಇವಳು “ಪಾಣಿ” ಅನ್ನುತ್ತಿದ್ದಳು.

ಹೊರಡುವ ದಿನ ಅಕ್ಕ ಎಮ್ಮೆಯ ಮೈ ತಿಕ್ಕುತ್ತ ನಗುತ್ತ ಹೇಳಿದಳು: “ತಮ್ಮಾ, ಈ ಮನ್ಯಾಗ ನನ್ನ ಕನ್ನಡ ಈ ಎಮ್ಮಿಗಷ್ಟೇ ತಿಳಿತದ ನೋಡು.” ನನಗೆ ನಗು ಬರಲಿಲ್ಲ. ಅರವತ್ತು ವರ್ಷಕ್ಕೂ ಮೇಲೆ ಆಕೆ ತವರಿನ ಮಾತನ್ನು ಒಬ್ಬಳೇ ಕಾಪಾಡಿಕೊಂಡು ಬಂದಿದ್ದಾಳೆ. ಅಷ್ಟರಲ್ಲಿ ಹುಡುಗ ಓಡಿಬಂದು ನೋಟುಬುಕ್ಕು ನೋಡಿ, “ಅಜ್ಜಿ, ನೀರು ಕೊಡು” ಎಂದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಚೊಂಬು ತಂದಳು.

ಈಗ ಪ್ರತಿ ಭಾನುವಾರ ಇಬ್ಬರು ಮಕ್ಕಳೂ ಫೋನಿನಲ್ಲಿ ಐದೈದು ಪದ ಕಲಿಯುತ್ತಾರೆ. ತಪ್ಪಿದರೆ ತಿದ್ದಲು ಅಕ್ಕ ಪಕ್ಕದಲ್ಲೇ ಕೂತಿರುತ್ತಾಳೆ.

ಅಜ್ಜ-ಅಜ್ಜಿಯರೇ, ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಗಡಿಯಾಚೆ ಕೊಟ್ಟಿರಬಹುದು. ದೀಪಾವಳಿ ರಜೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಮಕ್ಕಳೇ, ಚೀಲದಲ್ಲಿ ಒಂದು ಖಾಲಿ ನೋಟುಬುಕ್ಕು ಇಟ್ಟುಕೊಳ್ಳಲು ಮರೆಯಬೇಡಿ.