ಗಂಜಿ ಕೇಳಿದರೆ ಕಾಂಜಿ ಬಂತು!

ನಮ್ಮ ಕೋಟೇಶ್ವರದಲ್ಲಿ ಚಳಿಗಾಲ ಅಂದ್ರೆ ಫ್ಯಾನ್ ಒಂದು ಪಾಯಿಂಟ್ ಕಮ್ಮಿ ಮಾಡೋದು, ಅಷ್ಟೇ. ಕೊಡಿಹಬ್ಬದ ತೇರು ನೋಡಿ, ಕಬ್ಬಿನ ಕೊಡಿ ಹಿಡ್ಕೊಂಡು ಮನೆಗೆ ಬಂದ ನನಗೆ ಮರುವಾರವೇ ದಿಲ್ಲಿಗೆ ವರ್ಗ. ಎರಡು ಸ್ವೆಟರ್, ಐದು ಕಿಲೋ ಕುಚ್ಚಲಕ್ಕಿ, ಒಂದು ಬಾಟಲಿ ತೆಂಗಿನೆಣ್ಣೆ ಕಟ್ಟಿಕೊಂಡು ರೈಲು ಹತ್ತಿದೆ.

ಮೊದಲು ಕೈಕೊಟ್ಟದ್ದು ತೆಂಗಿನೆಣ್ಣೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತೆ. ದಿಲ್ಲಿಯ ಜನವರಿ ಬೆಳಗ್ಗೆ ಐದಾರು ಡಿಗ್ರಿ! ಒಗ್ಗರಣೆ ಹಾಕಬೇಕಾದ್ರೆ ಮೊದಲು ಬಾಟಲಿಗೆ ಬಿಸಿನೀರಿನ ಸ್ನಾನ.

ಆಮೇಲೆ ದೋಸೆ ಹಿಟ್ಟು. ಊರಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಪಾತ್ರೆಯಿಂದ ಉಕ್ಕಿರುತ್ತೆ. ಇಲ್ಲಿ ಎರಡು ದಿನವಾದ್ರೂ ಅಲ್ಲಾಡಲಿಲ್ಲ. ಕೊನೆಗೆ ರಜಾಯಿಯಲ್ಲಿ ಸುತ್ತಿ ಮಂಚದ ಮೇಲೆ ಮಲಗಿಸಿದೆ. ಬಾಡಿಗೆಗೆ ಬಂದ ಓನರ್ ಆಂಟಿ, ಪಂಜಾಬಿ ಹೆಂಗಸು, ಮಂಚ ನೋಡಿ ದನಿ ತಗ್ಗಿಸಿ ಕೇಳಿದರು: "ಯಾರು ಮಲಗಿರೋದು?"

"ದೋಸೆ" ಅಂದೆ. ಅವರು ಬಾಡಿಗೆ ಎಣಿಸದೇ ಹೋದರು.

ಆಫೀಸಿನ ಗೆಳೆಯರು ಒಂದು ಭಾನುವಾರ ಚಾಂದನಿ ಚೌಕಕ್ಕೆ 'ದೌಲತ್ ಕಿ ಚಾಟ್' ತಿನ್ನಿಸಲು ಕರ್ಕೊಂಡು ಹೋದರು. ಚಾಟ್ ಅಂದ್ರೆ ಪುರಿ, ಈರುಳ್ಳಿ, ಖಾರ ಚಟ್ನಿ ತಾನೇ? ದೊನ್ನೆಯಲ್ಲಿ ಬಂದದ್ದು ಹಾಲು ಕಡೆದು ತೆಗೆದ ನೊರೆ! ಮೇಲೆ ಕೇಸರಿ, ಖೋವಾ, ಪಿಸ್ತಾ. ಬಾಯಿಗಿಟ್ಟರೆ ಹಲ್ಲಿಗೆ ಕೆಲಸವೇ ಇಲ್ಲ, ಮಾಯ. ಬಿಸಿಲೇರಿದರೆ ನೊರೆ ಇಳಿದುಹೋಗುತ್ತೆ, ಹಾಗಾಗಿ ಇದು ಚಳಿಗಾಲಕ್ಕೆ ಮಾತ್ರ. ಇದನ್ನೇ ಬನಾರಸ್‌ನಲ್ಲಿ ಮಲೈಯೋ, ಲಖನೌದಲ್ಲಿ ಮಖ್ಖನ್ ಮಲಾಯಿ ಅಂತಾರೆ.

ಅಸಲಿ ಫಜೀತಿ ಆದದ್ದು ಜ್ವರ ಬಂದಾಗ. ಎರಡು ದಿನ ಚಹಾ, ಬಿಸ್ಕತ್ತು. ರಾತ್ರಿ ಅಮ್ಮ ಫೋನಲ್ಲಿ "ಉಂಡ್ಯಾ ಮಗಾ?" ಅಂತ ಕೇಳಿದರೆ "ಉಂಡೆ" ಅಂತ ಸುಳ್ಳು. ಮೂರನೇ ದಿನ ಆಂಟಿ ಬಂದು ಏನು ಬೇಕು ಅಂದರು. ನನ್ನ ಹರಕು ಹಿಂದಿಯಲ್ಲಿ "ಗಂಜಿ" ಅಂದೆ.

"ಕಾಂಜಿ? ಜ್ವರದಲ್ಲಾ?"

"ಹೌದು ಆಂಟಿ, ನಮ್ಮೂರಲ್ಲಿ ಜ್ವರಕ್ಕೆ ಅದೇ ಮದ್ದು."

ಒಂದು ದೊಡ್ಡ ಗ್ಲಾಸು ಬಂತು. ಒಳಗೆ ನೇರಳೆ ಬಣ್ಣದ ತಣ್ಣನೆ ನೀರು! ಕಪ್ಪು ಕ್ಯಾರೆಟ್ಟಿಗೆ ಸಾಸಿವೆ ಪುಡಿ, ಉಪ್ಪು, ನೀರು ಹಾಕಿ, ತಾರಸಿಯ ಬಿಸಿಲಲ್ಲಿ ನಾಲ್ಕೈದು ದಿನ ಹುಳಿ ಬರಿಸಿದ ಪಾನೀಯ. ಒಂದು ಗುಟುಕಿಗೆ ಸಾಸಿವೆ ಸೀದಾ ನೆತ್ತಿಗೆ. ಜ್ವರ ಬಿಡಲಿಲ್ಲ, ಕಟ್ಟಿದ್ದ ಮೂಗು ಬಿಟ್ಟಿತು. ಸಂಸ್ಕೃತದ 'ಕಾಂಜಿಕ' ಅಂದ್ರೆ ಹುಳಿ ಗಂಜಿಯಂತೆ. ಹಿಸ್ಸೆಯಾದಾಗ ಹುಳಿ ಅವರ ಪಾಲಿಗೆ, ಗಂಜಿ ನಮ್ಮ ಪಾಲಿಗೆ ಬಂದಿರಬೇಕು!

ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್. ನನ್ನ ಮುಖ ಕಂಡದ್ದೇ "ಎಂತ ಆಯ್ತ್ ಮಗಾ?" ಅಂದಳು. ಸುಳ್ಳು ಅಲ್ಲಿಗೇ ಮುಗಿಯಿತು. ವಿಷಯ ಕೇಳಿ ನೇರ ಅಡುಗೆಮನೆಗೆ ಹೋಗಿ ಗಂಜಿ ಪಾತ್ರೆಯನ್ನೇ ಕ್ಯಾಮೆರಾಕ್ಕೆ ಹಿಡಿದಳು. ಅಮ್ಮನಿಗೆ ಹಿಂದಿ ಬಾರದು, ಆಂಟಿಗೆ ಕನ್ನಡ ಬಾರದು. "ಪಾನಿ, ಜಾಸ್ತಿ ಪಾನಿ!" ಅಂತ ಅಮ್ಮ, "ಅಚ್ಛಾ, ಅಚ್ಛಾ" ಅಂತ ಆಂಟಿ. ನಡುವೆ ಫೋನು ಹಿಡ್ಕೊಂಡು ನಾನು.

ಕುಚ್ಚಲಕ್ಕಿ ಬೇಯಲು ತಗೊಂಡ ಹೊತ್ತು ನೋಡಿ ಆಂಟಿ ಗ್ಯಾಸಿನ ಲೆಕ್ಕ ಹೇಳಿ ಗೊಣಗಿದರು. ಆದರೂ ಮೆತ್ತಗಾಗುವವರೆಗೆ ಒಲೆ ಆರಿಸಲಿಲ್ಲ. ಬಟ್ಟಲಿಗೆ ಬಡಿಸಿ, ನಾನು ಬೇಡ ಅನ್ನೋ ಮೊದಲೇ ಮೇಲೆ ಒಂದು ದೊಡ್ಡ ಉಂಡೆ ಬೆಣ್ಣೆ ಹಾಕಿದರು. ಪಂಜಾಬಿ ಗಂಜಿ! ಊರಿಂದ ತಂದ ಮಿಡಿ ಉಪ್ಪಿನಕಾಯಿ ಜೊತೆ ಎರಡು ಬಟ್ಟಲು ಉಂಡೆ.

ಆ ರಾತ್ರಿ "ಉಂಡ್ಯಾ?" ಅಂದಾಗ "ಉಂಡೆ" ಅಂದದ್ದು ನಿಜ.

ಈ ಸಲ ರಜೆ ಮುಗಿಸಿ ಹೊರಟಾಗ ಅಮ್ಮ ಕುಚ್ಚಲಕ್ಕಿಯ ಎರಡು ಚೀಲ ಕಟ್ಟಿದಳು. ಯಾಕೆ ಎರಡು ಅಂದೆ. "ಒಂದು ನಿಂಗೆ ಅಲ್ಲ" ಅಂದಳು.